ಹೊಸ್ತಿಗೆ ಮುಂಚಿನ ಗುಟುಕು

ನಮ್ಮ ಕುಟುಂಬದಲ್ಲಿ ಕವಳ ಹಾಕದ ಗಂಡಸು ನಾನೊಬ್ಬನೇ. ಇದು ಶೀಲವಲ್ಲ, ಅನುಕೂಲ. ಕಾವ್ಯವಾಚನಕ್ಕೆ ಕೂತವನ ಬಾಯಲ್ಲಿ ಎಲೆಯಡಿಕೆ ಇದ್ದರೆ ಉಗುಳಲಿಕ್ಕೆ ಎದ್ದು ಹೋಗಬೇಕು. ಎದ್ದು ಹೋಗಿ ಬರುವಷ್ಟರಲ್ಲಿ ಒಂದು ಪದ್ಯ ತಪ್ಪಿರುತ್ತದೆ, ಒಂದೊಂದು ಸಲ ಒಬ್ಬ ಸೇನಾಪತಿಯೇ ಸತ್ತಿರುತ್ತಾನೆ. ಚಿಕ್ಕಂದಿನಲ್ಲಿ ಅಜ್ಜ ಪದ್ಯ ಓದುವಾಗ ಎದುರಿಗೆ ಕೂತು ಬೆಳೆದವನು ನಾನು. ಓದಲು ಕಲಿಯಲಿಲ್ಲ, ಅರ್ಥ ಹೇಳಲು ಕಲಿಯಲಿಲ್ಲ, ಕೇಳಲು ಮಾತ್ರ ಕಲಿತೆ. ಈಗಲೂ ಶನಿವಾರ ಸಂಜೆ ಕೊಪ್ಪದಲ್ಲಿ ಸುಬ್ಬರಾಯ ಮೇಷ್ಟ್ರ ವಾಚನ ಇದ್ದರೆ ನಮ್ಮೂರು ಕಡಹಿನಬೈಲಿನಿಂದ ಬಸ್ಸಿನಲ್ಲಿ ಹೋಗಿ ಮುಂದಿನ ಸಾಲಿನ ಎಡತುದಿಯಲ್ಲಿ ಕೂರುತ್ತೇನೆ. ಬಾಯಿ ಬಿಡುವುದಿಲ್ಲ. ಕೊನೆಗೆ ಎಲ್ಲರೂ ಮಂಗಳ ಹಾಡುವಾಗಲೂ ತುಟಿ ಮಾತ್ರ ಆಡಿಸುತ್ತೇನೆ.

ಇಷ್ಟು ಭಕ್ತಿಯಿಂದ ಕಾಪಾಡಿಕೊಂಡು ಬಂದ ನಾಲಿಗೆ ಕೊನೆಗೆ ಬಿಯರಿನ ಕೆಲಸಕ್ಕೆ ಬಂತು.

ನನ್ನ ತಂಗಿಯ ಮಗಳು ದೀಕ್ಷಾ ಜಯಪುರದ ಆಚೆ ಒಂದು ರೆಸಾರ್ಟಿನಲ್ಲಿ ಬಿಯರು ತಯಾರಿಸುತ್ತಾಳೆ. ರೆಸಾರ್ಟಿನ ಮಾಲೀಕ ಸತೀಶ ಲೈಸೆನ್ಸ್ ಮಾಡಿಸಿ, ಊಟದ ಹಾಲಿನ ಪಕ್ಕದಲ್ಲಿ ಗಾಜಿನ ಗೋಡೆಯ ಹಿಂದೆ ಮೂರು ಸ್ಟೀಲ್ ಟ್ಯಾಂಕು ನಿಲ್ಲಿಸಿದ್ದಾನೆ. ಆಹಾರದ ವಿಜ್ಞಾನ ಓದಿದ ದೀಕ್ಷಾ ಗಮ್‌ಬೂಟು ಹಾಕಿಕೊಂಡು ಅದರೊಳಗೆ ಬಾರ್ಲಿ ಬೇಯಿಸುತ್ತಾಳೆ, ಹುದುಗು ಬರಿಸುತ್ತಾಳೆ, ಸೋಸುತ್ತಾಳೆ. ಋತುವಿಗೊಂದು ಬಿಯರು ಮಾಡಬೇಕು, ಇಲ್ಲಿ ಬೆಳೆದದ್ದನ್ನೇ ಹಾಕಿ ಮಾಡಬೇಕು ಎಂಬುದು ಅವಳ ಹಠ.

ಯುಗಾದಿಗೆ ಮನೆಗೆ ಬಂದವಳು ಊಟ ಮಾಡಿ ಕೈತೊಳೆದು, "ಮಾವ, ನನಗೊಂದು ನಾಲಿಗೆ ಬೇಕಿತ್ತು," ಅಂದಳು.

"ನಾಲಿಗೆಯಾ?"

"ರುಚಿ ನೋಡಲಿಕ್ಕೆ. ಅಲ್ಲಿ ಕೆಲಸ ಮಾಡುವವರೆಲ್ಲ ಕವಳ, ಗುಟ್ಕಾ, ಸಿಗರೇಟು. ಟ್ಯಾಂಕು ತೊಳೆದ ನೀರು ಕೊಟ್ಟರೂ ಸೂಪರ್ ಅಂತಾರೆ. ನಮ್ಮ ಕಡೆಯವರನ್ನೆಲ್ಲ ಲೆಕ್ಕ ಹಾಕಿ ನೋಡಿದೆ. ಸುಣ್ಣ ತಾಗದ ನಾಲಿಗೆ ನಿಮ್ಮದೊಂದೇ."

"ಕುಡಿದು ನಾನು ಎಂತ ಹೇಳಬೇಕು?"

"ಏನಾದರೂ ಹೇಳಿ ಮಾವ. ನೀವು ಮಾತಾಡಿದ್ದೇ ನಾನು ಕೇಳಿಲ್ಲ."

ಈ ವಯಸ್ಸಿನವರೆಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ. ಅಡಿಕೆಗೆ ದರ ಕಟ್ಟುವಾಗ ಮಂಡಿಯವರು ಕೇಳುವುದಿಲ್ಲ, ಸಾರಿಗೆ ಉಪ್ಪು ಹೆಚ್ಚಾದಾಗ ಹೆಂಡತಿ ಚೈತ್ರ ಕೇಳುವುದಿಲ್ಲ. ಹಾಗಾಗಿ ಯೋಚನೆ ಮಾಡದೆ ಒಪ್ಪಿಕೊಂಡೆ. ಬಿಯರು ಅಂದರೆ ಆಗ ನನಗೆ ಗೊತ್ತಿದ್ದದ್ದು, ಮದುವೆ ಮನೆಯ ಹಿಂದೆ ನಿಲ್ಲಿಸಿದ ಜೀಪಿನ ಮರೆಯಲ್ಲಿ ಗಂಡಸರು ಪೇಪರ್ ಲೋಟದಲ್ಲಿ ಅವಸರವಾಗಿ ಕುಡಿಯುವ, ಬಿಸಿಲಿಗೆ ಕಾದ ಹಳದಿ ನೀರು.

ವೈಶಾಖದಲ್ಲಿ ಮೊದಲ ಸಲ ಹೋದೆ. ಮುರುಗಲು ಹಣ್ಣು ಹಾಕಿದ ಗೋಧಿ ಬಿಯರು. ಬಣ್ಣ ನೋಡಿದರೆ ಆರತಿ ನೀರಿನ ಹಾಗಿತ್ತು. ಟ್ಯಾಂಕಿನ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಒಂದು ಗುಟುಕು ತೆಗೆದುಕೊಂಡು, ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ.

"ಮಾವ, ನಿದ್ದೆ ಬಂತಾ?"

"ಕೇಳ್ತಾ ಇದ್ದೇನೆ."

"ಅದು ಮಾತಾಡೋದಿಲ್ಲ ಮಾವ."

"ಸುಮ್ಮನಿರು ಮಾರಾಯ್ತಿ. ಮೊದಲು ಹುಳಿ ಬಂತು, ದೂತನ ಹಾಗೆ. ಹಿಂದೆ ರಾಜ ಬರ್ತಾನೆ ಅಂತ ಹೇಳಿ ಹೋಯ್ತು. ಆಮೇಲೆ ಗೋಧಿಯ ಸಿಹಿ, ಪಲ್ಲಕ್ಕಿಯಲ್ಲಿ, ಮೆಲ್ಲಗೆ. ಕಡೆಗೆ ಚೂರು ಕಹಿ ಬಂದು ಬಾಗಿಲು ಹಾಕಿಕೊಂಡು ಹೋಯ್ತು."

ಕಣ್ಣು ಬಿಟ್ಟಾಗ ದೀಕ್ಷಾ ಸೀಮೆಸುಣ್ಣ ಹಿಡಿದು ನಿಂತಿದ್ದಳು. ನಾನು ಹೇಳಿದ್ದನ್ನೆಲ್ಲ ಊಟದ ಹಾಲಿನ ಕಪ್ಪು ಹಲಗೆಯ ಮೇಲೆ ಬರೆದುಬಿಟ್ಟಳು. ಅವತ್ತು ಬಂದ ಪ್ರವಾಸಿಗಳು ಹಲಗೆ ಓದಿ, ಪಲ್ಲಕ್ಕಿ ಬರುವುದನ್ನು ನೋಡಬೇಕೆಂದು ಒಂದೊಂದು ಲೋಟ ಹೆಚ್ಚಿಗೆ ಕುಡಿದರಂತೆ. ಸತೀಶ ಫೋನು ಮಾಡಿ, "ಕೃಷ್ಣಪ್ಪಣ್ಣ, ನೀವು ದೊಡ್ಡ ಮನುಷ್ಯರು," ಅಂದ. ನಾನು ಹಾಳಾದದ್ದು ಆ ಕ್ಷಣದಲ್ಲಿ.

ಆಮೇಲೆ ಶನಿವಾರಕ್ಕೆ ಒಂದು ಕ್ರಮ ಬಂತು. ಮಧ್ಯಾಹ್ನ ಜಯಪುರದಲ್ಲಿ ಬಿಯರು, ಸಂಜೆ ಕೊಪ್ಪದಲ್ಲಿ ಕಾವ್ಯ. ಆಷಾಢಕ್ಕೆ ದೀಕ್ಷಾ ಕಪ್ಪು ಬಿಯರು ಮಾಡಿದಳು, ಬಾರ್ಲಿಯನ್ನು ಕರಿದಾಗುವಷ್ಟು ಹುರಿದು ಪಕ್ಕದ ತೋಟದ ಕಾಫಿ ಹಾಕಿದ್ದು. ಅದು ರಣರಂಗದ ಬಿಯರು ಎಂದು ನಾನು ತೀರ್ಪು ಕೊಟ್ಟೆ. ಅದನ್ನು ಕುಡಿದು ಹೋದ ದಿನ ವಾಚನದಲ್ಲೂ ಯುದ್ಧವೇ ಇತ್ತು. ನನಗೆ ಎಂತಹ ತನ್ಮಯತೆ ಬಂತೆಂದರೆ, ಮುಂದಿನ ಸಾಲಿನ ಎಡತುದಿ ಇಡೀ ಅಲ್ಲಾಡಿತು. ಮುಗಿದ ಮೇಲೆ ಸುಬ್ಬರಾಯ ಮೇಷ್ಟ್ರು ಶಾಲು ಮಡಚುತ್ತ ಮೆಲ್ಲಗೆ ಕೇಳಿದರು.

"ಕೃಷ್ಣಪ್ಪ, ಇತ್ತೀಚೆಗೆ ನೀವು ತಲೆದೂಗೋದು ತಾಳಕ್ಕಿಂತ ಮೊದಲೇ ಬರ್ತದಲ್ಲ?"

"ಮುಂದೆ ಬರೋದು ಗೊತ್ತಿರ್ತದೆ ಮೇಷ್ಟ್ರೇ."

"ನನಗೇ ಗೊತ್ತಿರೋದಿಲ್ಲ ಮಾರಾಯ್ರೇ," ಅಂದರು ಅವರು.

ಶ್ರಾವಣ ಬಂದಾಗ ನನ್ನ ಭಕ್ತಿ ಎಚ್ಚರವಾಯಿತು. ಶ್ರಾವಣ ಶನಿವಾರ ಕುಡಿಯುವುದು ಸರಿಯಲ್ಲ. ದೀಕ್ಷಾಗೆ ಫೋನು ಮಾಡಿ, ನನ್ನ ಪಾಲನ್ನು ಬಾಟಲಿಯಲ್ಲಿ ತೆಗೆದಿಡು ಅಂದೆ. ಆದರೂ ಒಂದು ಶನಿವಾರ ಹೋಗಿ ಟ್ಯಾಂಕಿನ ಹತ್ತಿರ ನಿಂತು ಮೂಸಿ ಬಂದೆ. ಮೂಸಬಾರದು ಎಂದು ಯಾವ ವ್ರತದಲ್ಲೂ ಕೇಳಿದ ನೆನಪಿರಲಿಲ್ಲ. ಭಾದ್ರಪದ ಹುಟ್ಟಿದ ದಿನವೇ ಸ್ನಾನ ಮಾಡಿ ಹೋಗಿ ನನ್ನ ಪಾಲನ್ನು ಕುಡಿದೆ. ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲವಂತೆ, ಗಾಳಿಯೆಲ್ಲ ಹೋಗಿ ನಿನ್ನೆಯ ಕಷಾಯದ ಹಾಗಿತ್ತು. ವ್ರತದ ಫಲ ಬಿಡಬಾರದೆಂದು ಕಣ್ಣು ಮುಚ್ಚಿ ಪೂರ್ತಿ ಕುಡಿದೆ. "ಇದು ವೈರಾಗ್ಯದ ಬಿಯರು," ಅಂತಲೂ ಅಂದೆ. ಪುಣ್ಯಕ್ಕೆ ದೀಕ್ಷಾ ಅದನ್ನು ಬರೆಯಲಿಲ್ಲ.

"ಜನ ಬಿಯರು ಕುಡೀತಾರೆ," ಎಂದು ಚೈತ್ರ ಅಕ್ಕಪಕ್ಕದವರ ಹತ್ತಿರ ಹೇಳುತ್ತಿದ್ದಳು. "ನಮ್ಮವರು ಅದಕ್ಕೆ ಹರಿಕಥೆ ಮಾಡ್ತಾರೆ."

ಮಾತಿನ ರುಚಿ ಹತ್ತಿದವನಿಗೆ ಬೇರೆ ರುಚಿ ತಿಳಿಯುವುದಿಲ್ಲ. ಆಶ್ವಯುಜಕ್ಕೆ ಏಲಕ್ಕಿ, ಜೇನು ಹಾಕಿ ಮಾಡಿದ ಬಿಯರನ್ನು ಒಂದೇ ಗುಟುಕಿಗೆ ಕೆಳಗಿಟ್ಟು, "ಏಲಕ್ಕಿ ವಿದೂಷಕನ ಹಾಗೆ, ಎರಡು ಮಾತಾಡಿ ಹೋಗಬೇಕು. ಇವನು ರಂಗ ಬಿಡ್ತಾ ಇಲ್ಲ," ಅಂದೆ. ಚೆನ್ನಾಗಿ ಹೇಳಿದೆ ಅಂತ ನನಗೇ ಅನ್ನಿಸಿತು. ದೀಕ್ಷಾ ಮುಖ ಸಣ್ಣ ಮಾಡಿಕೊಂಡು ಆ ಟ್ಯಾಂಕನ್ನು ಪೂರ್ತಿ ಚರಂಡಿಗೆ ಬಿಟ್ಟಳು. ಹಿಂದಿನ ದಿನ ಅದನ್ನೇ ಕುಡಿದ ಮಂಗಳೂರಿನ ಗಂಡ ಹೆಂಡತಿ, ಮನೆಗೂ ಒಂದು ಬಾಟಲಿ ಸಿಗಬಹುದಾ ಅಂತ ಕೇಳಿದ್ದರು ಎನ್ನುವುದು ನನಗೆ ತಿಳಿದದ್ದು ಆಮೇಲೆ.

ಸತೀಶನಿಗೆ ಸಿಟ್ಟು ಬಂತು. ಬರಬೇಕಾದದ್ದೇ. ಮುಂದಿನ ಶನಿವಾರ ಹೋದಾಗ ದೀಕ್ಷಾ ಟ್ಯಾಂಕಿಗೆ ಒರಗಿ ನಿಂತಿದ್ದಳು.

"ಕಾರ್ತೀಕದ ಬಿಯರಿಗೆ ಒಂದು ಶನಿವಾರ ಗೊತ್ತು ಮಾಡಿದ್ದಾರೆ ಮಾವ. ಊರಿಗೆಲ್ಲ ಹೇಳ್ತಾರಂತೆ. ಅವತ್ತು ಟ್ಯಾಂಕು ಖಾಲಿಯಾದರೆ ಸರಿ. ಆಗದಿದ್ದರೆ ಮೂರೂ ಟ್ಯಾಂಕು ಮಾರಿ ಈ ಜಾಗದಲ್ಲಿ ಬಿಸಿನೀರಿನ ಈಜುಕೊಳ. ಕಂಟ್ರಾಕ್ಟರು ನಿನ್ನೆ ಬಂದು ಅಳತೆ ತೆಗೆದು ಹೋದ."

"ನೀನು?"

"ಒಂದು ಬಿಸ್ಕತ್ತಿನ ಫ್ಯಾಕ್ಟರಿಯಲ್ಲಿ ಕೆಲಸ ಇದೆ ಅಂತಾರೆ. ಬಿಸ್ಕತ್ತಿನಲ್ಲಿ ನೀರು ಎಷ್ಟಿದೆ ಅಂತ ನೋಡೋದು. ದಿನಾ ಅದೇ ಬಿಸ್ಕತ್ತು."

ಅವಳು ಅಳಲಿಲ್ಲ. ಟ್ಯಾಂಕಿನ ಗಾಜಿನ ಕಿಂಡಿಯನ್ನು ಅಂಗಿಯ ತೋಳಿನಲ್ಲಿ ಒರೆಸಿದಳು. ಕೂಸಿನ ಮೂಗು ಒರೆಸಿದ ಹಾಗಿತ್ತು. ನನ್ನ ವಿದೂಷಕನ ಮೇಲೆ ನನಗೇ ಜಿಗುಪ್ಸೆ ಬಂತು. ಏನಾದರೂ ಕೊಡಬೇಕು ಅನ್ನಿಸಿ, "ಕಾರ್ತೀಕಕ್ಕೆ ಹೊಸ ಅಕ್ಕಿ ಹಾಕಿ ಮಾಡು," ಅಂದೆ. "ನಮ್ಮ ಮೇಲಿನ ಗದ್ದೆಯ ಕೆಂಪಕ್ಕಿ ಕೊಡ್ತೇನೆ. ಅದು ಬೇಗ ಹಣ್ಣಾಗ್ತದೆ."

ಅವಳ ಮುಖ ಅರಳಿತು. "ಹೊಸ್ತು?" ಅಂತ ಕೇಳಿದಳು, ನಮ್ಮ ಅಮ್ಮನ ಮೊಮ್ಮಗಳಲ್ಲವೇ.

ಹೊಸ್ತು ಅಂದರೆ ನಮ್ಮಲ್ಲಿ ಹೊಸ ಅಕ್ಕಿಯ ಮೊದಲ ಊಟ. ಅವತ್ತು ಬೆಳಿಗ್ಗೆ ಗದ್ದೆಯ ಮೇಲಿನ ಬನದ ಭೂತಪ್ಪನಿಗೆ ಮೊದಲ ಪಾಲು. ಅವನಿಗೆ ಕೋಳಿ, ಜೊತೆಗೆ ಒಂದು ಕ್ವಾರ್ಟರ್ ಬ್ರಾಂದಿ ಬಾಟಲಿ. ಆ ಬಾಟಲಿಯ ಭಾಗ ಬಂದಾಗ, ಕಾವ್ಯ ಕೇಳುವ ನಾನು, ದೂರ ನಿಂತು ಆಕಾಶ ನೋಡುವವನು. ಆಮೇಲೆ ಒಳಗಿನ ದೇವರಿಗೆ ಪಾಯಸ. ಕಡೆಗೆ ಮನೆಯವರ ಊಟ. ಅದಕ್ಕೂ ಮೊದಲು ಕಿರಿಯರು ತುತ್ತು ಕೈಯಲ್ಲಿ ಹಿಡಿದು ಹಿರಿಯರಿಗೆ, "ಹೊಸ್ತು ಉಣ್ತೇನೆ," ಎಂದು ಹೇಳಿ ಅಪ್ಪಣೆ ಕೇಳಬೇಕು. ಹಿರಿಯರು, "ಉಣ್ಣು," ಅನ್ನಬೇಕು. ಇಷ್ಟೆಲ್ಲ ಆಗದೆ ಆ ಗದ್ದೆಯ ಒಂದು ಕಾಳೂ ಯಾರ ಬಾಯಿಗೂ ಹೋಗಬಾರದು.

"ಹೊಸ್ತು ದೀಪಾವಳಿ ಆದ ಕೂಡಲೇ," ಅಂದೆ. "ನಿನ್ನ ಬಿಯರು ಕುಡಿಯಲಿಕ್ಕೆ ಬರೋದು ಅದಾದ ಮೇಲೆ. ಅಲ್ಲಿಯವರೆಗೆ ಟ್ಯಾಂಕಲ್ಲಿ ಇರ್ತದೆ, ಬಾಯಲ್ಲಿ ಅಲ್ಲ."

ಲೆಕ್ಕ ಸರಿಯಾಗಿತ್ತು. ಮನೆಯಲ್ಲಿ ಯಾರಿಗೂ ಹೇಳದೆ, ಹೊಸ್ತಿನ ಊಟದ ದಿನ ಆಶ್ಚರ್ಯ ಪಡಿಸೋಣವೆಂದು, ಮೇಲಿನ ಗದ್ದೆಯ ಒಂದು ಮೂಲೆಯನ್ನು ಬೆಳಗಿನ ಜಾವ ಕೊಯ್ದು, ಒಣಗಿಸಿ, ಮಿಲ್ಲು ಮಾಡಿಸಿ, ಜಯಪುರದ ಬಸ್ಸಿಗೆ ಹಾಕಿದೆ.

ದೀಪಾವಳಿ ಮುಗಿದು ಹೊಸ್ತಿಗೆ ದಿನ ಗೊತ್ತಾದ ಮೇಲೆ ಮುತ್ತಿನಕೊಪ್ಪದ ದಾಯಾದಿ ದೊಡ್ಡಪ್ಪ ತೀರಿಕೊಂಡರು. ತುಂಬು ವಯಸ್ಸು, ಯಾರಿಗೂ ದೂರಿಲ್ಲ. ಆದರೆ ನಮಗೆಲ್ಲ ಸೂತಕ. ಹೊಸ್ತು ಮುಂದಕ್ಕೆ ಹೋಯಿತು, ಸತೀಶನ ಶನಿವಾರದ ಆಚೆಗೆ. ಸಾವಿನ ಮನೆಯ ಓಡಾಟದಲ್ಲಿ ಟ್ಯಾಂಕಿನೊಳಗಿನ ಅಕ್ಕಿ ನನ್ನ ತಲೆಯಿಂದ ಇಳಿದೇ ಹೋಯಿತು.

ಸೂತಕದಲ್ಲಿ ದೇವಸ್ಥಾನಕ್ಕೆ ಹೋಗಬಾರದು. ಬಿಯರು ಮಾಡುವಲ್ಲಿಗೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಸತೀಶನ ಶನಿವಾರಕ್ಕೆ ಒಂದು ವಾರ ಇರುವಾಗ ದೀಕ್ಷಾ ಫೋನು ಮಾಡಿ ರುಚಿ ನೋಡಲಿಕ್ಕೆ ಕರೆದಳು, ಹೋದೆ. ತೆಳು ಹೊನ್ನಿನ ಬಣ್ಣ, ಮೇಲೆ ಬಿಳಿ ನೊರೆ. ಒಂದು ಗುಟುಕು ತೆಗೆದುಕೊಂಡೆ. ಮಾತು ಬರಲಿಲ್ಲ. ಇನ್ನೊಂದು ತೆಗೆದುಕೊಂಡೆ. ದೂತ ಇಲ್ಲ, ಪಲ್ಲಕ್ಕಿ ಇಲ್ಲ, ಯಾರೂ ಬರಲಿಲ್ಲ. ಗಂಜಿ ಬಸಿಯುವಾಗ ಮುಖಕ್ಕೆ ಬರುವ ಹಬೆಯ ಹಾಗೆ ಏನೋ ಬಂದು, ಹೋಗದೆ ನಿಂತಿತು. ಲೋಟ ಪೂರ್ತಿ ಖಾಲಿ ಮಾಡಿದೆ.

"ಎಂತ ಬರೀಲಿ ಮಾವ?"

"ತಡಿ. ನಾಳೆ ಹೇಳ್ತೇನೆ. ಇದಕ್ಕೆ ದೊಡ್ಡದಾಗಿ ಹೇಳಬೇಕು."

ಆ ದೊಡ್ಡ ಮಾತನ್ನು ಹುಡುಕುತ್ತ ಕೊಪ್ಪಕ್ಕೆ ಬಂದೆ. ಸೂತಕದವನೆಂದು ಅವತ್ತು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ಕೂತೆ. ಸುಬ್ಬರಾಯ ಮೇಷ್ಟ್ರು ಒಂದು ಪದ್ಯ ಓದಿ ಅರ್ಥ ಹೇಳುತ್ತಿದ್ದರು. ಯಾರೋ ಒಬ್ಬ ಅರಸ ದೇವರಿಗೆ ಮೀಸಲು ತೆಗೆಯದೆ ಹೊಸ ಫಲವನ್ನು ತಾನೇ ತಿಂದನಂತೆ. ನಾನು ತಲೆದೂಗಿದೆ. ಎಂಥಾ ಮೂಢ ಅಂದುಕೊಂಡೆ. "ಕಾಯಬೇಕಾದವನೇ ಕಾಯದೆ ತಿಂದ," ಎಂದು ಮೇಷ್ಟ್ರು ಎರಡನೇ ಸಲ ಹೇಳಿದರು. ಮತ್ತೊಮ್ಮೆ ತೂಗಲು ಹೊರಟ ತಲೆ ಅರ್ಧದಲ್ಲಿ ನಿಂತಿತು.

ನನ್ನ ಹೊಟ್ಟೆಯಲ್ಲಿ ಮೇಲಿನ ಗದ್ದೆಯ ಹೊಸ ಅಕ್ಕಿ ಇತ್ತು.

ಜೀವಮಾನದಲ್ಲಿ ಮೊದಲ ಸಲ ವಾಚನದ ನಡುವೆ ಎದ್ದೆ. ಅವಸರದಲ್ಲಿ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ದೀಕ್ಷಾಗೆ ಫೋನು ಮಾಡಿದೆ.

"ಆ ಟ್ಯಾಂಕು ಯಾರಿಗೂ ಕೊಡಬೇಡ."

"ಯಾಕೆ ಮಾವ, ಕೆಟ್ಟಿದೆಯಾ?"

"ಕೆಟ್ಟದ್ದು ನಾನು. ಹೊಸ್ತು ಆಗಿಲ್ಲ. ಸೂತಕ ಅಂತ ಮುಂದೆ ಹೋಗಿದೆ. ನಾನು ಉಂಡುಬಿಟ್ಟೆ."

"ನೀವು ಉಣ್ಣಲಿಲ್ಲ, ಕುಡಿದಿರಿ," ಅಂದಳು.

"ಗಂಜಿ ಕುಡಿದವನು ಉಂಡ ಹಾಗಲ್ವಾ?"

"ಗಂಜಿ ಕುಡಿದು ಯಾರಾದರೂ ನೆಂಚಿಕೊಳ್ಳಲಿಕ್ಕೆ ಚಿಪ್ಸ್ ಕೇಳ್ತಾರಾ? ಮಾವ, ಶನಿವಾರಕ್ಕೆ ಎಲ್ಲರಿಗೂ ಹೇಳಿಯಾಗಿದೆ. ಬರೋರು ಯಾರೂ ನಿಮ್ಮ ಮನೆಯವರಲ್ಲ. ನಾನೂ ನಿಮ್ಮ ಮನೆಯವಳಲ್ಲ. ನನ್ನ ಅಪ್ಪನ ಮನೆ ಬೇರೆ."

"ಅಕ್ಕಿ ನಮ್ಮ ಮನೆಯದ್ದು."

ಟ್ಯಾಂಕಿನ ಪಂಪು ಗುಂಯ್ ಅನ್ನುವುದು ಫೋನಿನಲ್ಲಿ ಕೇಳುತ್ತಿತ್ತು.

"ಸರಿ ಮಾವ," ಅಂದಳು ಕಡೆಗೆ. "ನೀವು ಬೇಡ ಅಂದರೆ ನಾನು ಕೊಡೋದಿಲ್ಲ. ಈಗ ಬೇರೆ ಮಾಡಲಿಕ್ಕೆ ಸಮಯ ಇಲ್ಲ. ಟ್ಯಾಂಕು ಹೋಗ್ತದೆ, ಅಷ್ಟೇ. ಒಂದು ಸಲ ಅಜ್ಜಿಯನ್ನು ಕೇಳಿ. ನೀವು ಕೇಳದಿದ್ದರೆ ನಾನೇ ಕೇಳ್ತೇನೆ."

ಅವಳು ಜಗಳ ಆಡಿದ್ದರೆ ಸುಲಭವಿತ್ತು.

ಮಾರನೇ ದಿನ ಬೆಳಿಗ್ಗೆ ಅಮ್ಮನ ಹತ್ತಿರ ಹೋಗಿ ಕೂತೆ. ಅಮ್ಮ, ವಸಂತಮ್ಮ, ಚಾವಡಿಯಲ್ಲಿ ಕವಳದ ಸಂಚಿ ಬಿಚ್ಚಿ ಎಲೆಯ ತೊಟ್ಟು ಚಿವುಟುತ್ತಿದ್ದಳು. ನೇರವಾಗಿ ಹೇಳುವ ಧೈರ್ಯ ಬರಲಿಲ್ಲ. ಕೇಳಿ ಬೆಳೆದವನಿಗೆ ಗೊತ್ತಿರುವ ದಾರಿ ಒಂದೇ.

"ಅಮ್ಮ, ಒಂದೂರಲ್ಲಿ ಒಬ್ಬ ಗೃಹಸ್ಥ ಇದ್ದನಂತೆ."

"ಗೃಹಸ್ಥನಿಗೆ ಹೆಸರಿಲ್ವಾ?"

"ಕಥೆ ಅಮ್ಮ. ದೈವಭಕ್ತ. ಅವನಿಗೆ ಒಂದು ಗದ್ದೆ ಇತ್ತಂತೆ."

"ಮೇಲಿನ ಗದ್ದೆಯಾ, ಕೆಳಗಿನದ್ದಾ?"

ಅಮ್ಮ ಎಲೆಗೆ ಸುಣ್ಣ ಸವರಿದಳು.

"ಮೇಲಿನ ಗದ್ದೆಯ ಮೂಲೆ ನವಿಲು ತಿಂದದ್ದು ಅಂತ ನಾನು ನವಿಲಿಗೆ ಎಷ್ಟು ಬೈದೆ. ಬುಡಕ್ಕೆ ಸಮ ಮಾಡಿ ಕುಡುಗೋಲಲ್ಲಿ ಕೊಯ್ಯುವ ನವಿಲು ನಾನು ನೋಡಿರಲಿಲ್ಲ. ಎಲ್ಲಿ ಹೋಯ್ತು ಅಕ್ಕಿ?"

ಹೇಳಿದೆ. ಟ್ಯಾಂಕು, ಸತೀಶ, ಈಜುಕೊಳ, ಬಿಸ್ಕತ್ತು, ನನ್ನ ಲೋಟ, ಎಲ್ಲವನ್ನೂ. ಅಮ್ಮ ನಡುವೆ ಒಂದೇ ಸಲ ಬಾಯಿ ಹಾಕಿದ್ದು, "ಎಷ್ಟು ಕುಡಿದೆ?" ಎಂದು ಕೇಳಲು. ಒಂದು ಲೋಟ ಅಂದಾಗ, "ನಿಮ್ಮ ಅಪ್ಪ ಆಗಿದ್ದರೆ ಎರಡು ಕುಡೀತಿದ್ದರು," ಅಂದಳು.

"ಈಗ ಎಂತ ಮಾಡೋದು? ಸೂತಕ ಮುಗಿಯದೆ ನಾವು ದೇವರಿಗಾಗಲಿ ಭೂತಪ್ಪನಿಗಾಗಲಿ ಇಡೋ ಹಾಗಿಲ್ಲ."

"ನಾವು ಇಡೋ ಹಾಗಿಲ್ಲ. ದೀಕ್ಷಾಗೆ ಎಲ್ಲಿಯ ಸೂತಕ? ಅವಳ ಅಪ್ಪನ ಮನೆ ಬೇರೆ."

ಹಿಂದಿನ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅದೇ ಮಾತನ್ನು ಕೇಳಿ ನಾನು ಫೋನಿಗೆ ಸಿಟ್ಟು ಮಾಡಿದ್ದೆ.

"ಮಗಳ ಮಗಳು ಭೂತಪ್ಪನಿಗೆ ಇಡಬಹುದಾ ಅಮ್ಮ? ಇಷ್ಟು ವರ್ಷ ಗಂಡಸರೇ..."

"ಗಂಡಸರಿಗೆ ನೆವ ಬೇಕಿತ್ತು, ಮಿಕ್ಕಿದ್ದು ಕುಡಿಯಲಿಕ್ಕೆ. ಬಾಟ್ಲಿ ಯಾರು ತಂದರೂ ಭೂತಪ್ಪ ಬೇಡ ಅನ್ನೋದಿಲ್ಲ. ಅವನ ಪಾಲು ಮುಟ್ಟಿದರೆ ಹೊರಗಿನವರು ಕುಡೀಲಿ. ನಮ್ಮ ಮನೆಯವರಿಗೆ ಮಾತ್ರ ಹೊಸ್ತು ಆದ ಮೇಲೆಯೇ."

"ನಾನು ಕುಡಿದದ್ದಕ್ಕೆ?"

ಅಮ್ಮ ಕವಳವನ್ನು ದವಡೆಗೆ ಸರಿಸಿಕೊಂಡು ಯೋಚಿಸಿದಳು. "ಹೊಸ್ತಿನವರೆಗೆ ಅದನ್ನು ಮುಟ್ಟಬೇಡ. ಅದರ ವಿಷಯ ಒಂದು ಮಾತೂ ಆಡಬೇಡ. ನಿನ್ನ ದೂತ, ಪಲ್ಲಕ್ಕಿ ಎಲ್ಲ ದೀಕ್ಷಾ ಫೋನಲ್ಲಿ ಓದಿ ಹೇಳಿದ್ದಾಳೆ. ಸಣ್ಣವನಿರುವಾಗ ಎಷ್ಟು ಒಳ್ಳೆಯ ಮಾಣಿ, ಮಾತೇ ಆಡ್ತಿರಲಿಲ್ಲ."

ಮುಟ್ಟಬೇಡ ಅಂದದ್ದು ಕಷ್ಟವೆನಿಸಲಿಲ್ಲ. ಮಾತಾಡಬೇಡ ಅಂದದ್ದು ಎದೆಗೆ ತಾಗಿತು. ಅಷ್ಟು ಹೊತ್ತಿಗೆ ಆ ದೊಡ್ಡ ಮಾತು ಅರ್ಧಕ್ಕರ್ಧ ಸಿಕ್ಕಿತ್ತು.

ಎರಡು ದಿನ ಬಿಟ್ಟು ದೀಕ್ಷಾ ಬಂದಳು. ಗಮ್‌ಬೂಟು, ಜೀನ್ಸ್, ಕೈಯಲ್ಲಿ ಬಿಯರು ತುಂಬಿದ ಸ್ಟೀಲ್ ಕ್ಯಾನು. ಸೂತಕದವರಾದ ಅಮ್ಮ, ನಾನು, ಚೈತ್ರ ಗದ್ದೆಯ ಈಚೆ ಅಂಚಿನಲ್ಲಿ ನಿಂತೆವು. ಅವಳೊಬ್ಬಳೇ ಬನದೊಳಗೆ ಹೋದಳು. ಅಮ್ಮ ಇಲ್ಲಿಂದಲೇ ಕೂಗಿ ಹೇಳಿಕೊಟ್ಟಳು.

"ಬೂಟು ಬಿಚ್ಚು."

"ಬಿಚ್ಚಿದೆ ಅಜ್ಜಿ."

"ಈ ಗದ್ದೆಯ ಹೊಸತು ನಿನಗೇ ಮೊದಲು ಅಂತ ಹೇಳು."

"ಹೇಳಿದೆ."

"ಜೋರಾಗಿ ಹೇಳು. ಅವನಿಗೂ ವಯಸ್ಸಾಗಿದೆ."

"ಈ ಗದ್ದೆಯ ಹೊಸತು ನಿನಗೇ ಮೊದಲು ಭೂತಪ್ಪ. ನಮ್ಮ ಮಾವ ಗೊತ್ತಾಗದೆ ಕುಡಿದಿದ್ದಾರೆ. ಅವರಿಗೆ ಏನೂ ಮಾಡಬೇಡ. ಟ್ಯಾಂಕು ಉಳಿಸಿಕೊಡು."

ನನ್ನ ಹೆಸರು ಸೇರಿಸಲಿಕ್ಕೆ ಅಮ್ಮ ಹೇಳಿಕೊಟ್ಟಿರಲಿಲ್ಲ. ದೀಕ್ಷಾ ಕ್ಯಾನು ಬಗ್ಗಿಸಿದಳು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಬಿಯರು ಬಿದ್ದು ಬಿಳಿ ನೊರೆ ಏರಿ, ಭೂತಪ್ಪನಿಗೆ ಗಡ್ಡ ಬಂದ ಹಾಗೆ ಕಂಡಿತು.

"ಬ್ರಾಂದಿ ಹೀಗೆ ನೊರೆ ಬರ್ತಿರಲಿಲ್ಲ," ಅಂದಳು ಅಮ್ಮ. "ಅವನಿಗೆ ಸೇರಿರಬೇಕು."

ವರ್ಷವೂ ಬಾಟಲಿಯ ಹೊತ್ತಿಗೆ ಆಕಾಶ ನೋಡುತ್ತಿದ್ದವನು ಅವತ್ತು ಕಣ್ಣು ತೆಗೆಯದೆ ನೋಡಿದೆ. ನೊರೆ ಇಳಿಯುವಾಗ ಉಗುಳು ನುಂಗಿದೆ. ಚೈತ್ರ ಮೊಣಕೈಯಲ್ಲಿ ತಿವಿದಳು.

ಸತೀಶನ ಶನಿವಾರ ಜಯಪುರಕ್ಕೆ ಹೋದೆ. ಹೋಗಬೇಡ ಎಂದು ಅಮ್ಮ ಅಂದಿರಲಿಲ್ಲ. ಕಪ್ಪು ಹಲಗೆ ಖಾಲಿಯಿತ್ತು. ಸತೀಶ ಸೀಮೆಸುಣ್ಣ ಹಿಡಿದು ನನ್ನ ಹಿಂದೆ ಮುಂದೆ ಓಡಾಡಿದ.

"ಒಂದು ಸಾಲು ಹೇಳಿ ಕೃಷ್ಣಪ್ಪಣ್ಣ. ಪಲ್ಲಕ್ಕಿ ಬೇಡ, ಎತ್ತಿನ ಗಾಡಿಯಾದರೂ ಸಾಕು."

ಬೇಡವೆಂದು ತಲೆ ಆಡಿಸಿದೆ. ಮೊದಮೊದಲು ಬಂದವರು ಖಾಲಿ ಹಲಗೆ ನೋಡಿ, ಮೂಲೆಯಲ್ಲಿ ನೀರಿನ ಲೋಟ ಹಿಡಿದು ಕೂತ ನನ್ನನ್ನು ನೋಡಿ, ಕಾಫಿ ಹೇಳಿದರು. ದೀಕ್ಷಾ ನಲ್ಲಿಯ ಹಿಂದೆ ನಿಂತು ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಈಜುಕೊಳದ ಕಂಟ್ರಾಕ್ಟರು ಕೂಡ ಅಳತೆಯ ಟೇಪು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂತಿದ್ದ. ಬಾಯಿ ತೆರೆದು ಆ ದೊಡ್ಡ ಮಾತನ್ನು ಹೇಳಿಬಿಡೋಣ ಅಂತ ಎರಡು ಸಲ ಕುರ್ಚಿಯಿಂದ ಎದ್ದು, ಎರಡು ಸಲ ಕೂತೆ.

ಜಯಪುರದ ತೋಟದ ಮಾಲೀಕ ಜಯಪ್ರಕಾಶ್ ಎಂಬವರು ನನ್ನ ಎದುರಿಗೆ ಬಂದು ಕೂತರು. "ಎಂತ ಕೃಷ್ಣಪ್ಪ, ನಿಮ್ಮದೇ ಅಕ್ಕಿ, ನೀವೇ ನೀರು ಕುಡೀತೀರಿ. ವಿಷಯ ಎಂತ?"

ನಾನು ದೀಕ್ಷಾಳ ಮುಖ ನೋಡಿದೆ. ಅವಳೇ ಹೇಳಿದಳು. "ಅವರ ಮನೆಯ ಹೊಸ್ತು ಆಗಿಲ್ಲ ಅಣ್ಣ, ಸೂತಕ. ಭೂತಪ್ಪನಿಗೆ ಇಟ್ಟಾಗಿದೆ. ಹೊರಗಿನವರು ಕುಡಿಯಬಹುದು, ಅವರು ಕುಡಿಯೋ ಹಾಗಿಲ್ಲ."

ಜಯಪ್ರಕಾಶ್ ನಗಲಿಲ್ಲ. ಒಂದು ಲೋಟ ತರಿಸಿ, ಎರಡೂ ಕೈಯಲ್ಲಿ ಹಿಡಿದು, ನನಗಿಂತ ಚೂರು ಕಿರಿಯರೆಂದೋ ಏನೋ, ನನ್ನ ಕಡೆ ತಿರುಗಿ, "ಹೊಸ್ತು ಉಣ್ತೇನೆ," ಅಂದರು.

ಅಪ್ಪಣೆ ಕೇಳಿದವರಿಗೆ ಕೊಡದೆ ಇರುವ ಹಾಗಿಲ್ಲ. ಅದು ಬಿಯರಿನ ವಿಷಯದ ಮಾತಲ್ಲ ಎಂದು ಮನಸ್ಸಿನಲ್ಲೇ ಅಮ್ಮನಿಗೆ ಹೇಳಿ, "ಉಣ್ಣಿ," ಅಂದೆ.

ಅವರು ಕುಡಿದು, ಮೀಸೆ ಒರೆಸಿಕೊಂಡು, ಪಕ್ಕದ ಟೇಬಲ್ಲಿನವರ ಕಡೆ ನೋಡಿದರು. ಅಷ್ಟೇ ಆದದ್ದು. ಊರವರಿಗೆ ಹೊಸ್ತು ಅಂದರೆ ವಿವರಿಸಬೇಕಾಗಿಲ್ಲ. ಒಬ್ಬೊಬ್ಬರೇ ಲೋಟ ಹಿಡಿದು ಬಂದು ಅಪ್ಪಣೆ ಕೇಳಿದರು. ಅವರನ್ನು ನೋಡಿ ಪ್ರವಾಸಿಗಳೂ ಕೇಳಿದರು. ಒಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ಎರಡನೇ ಲೋಟಕ್ಕೆ ಅಪ್ಪಣೆ ಬೇಕಿಲ್ಲವೆಂದು ಹೇಳಿದರೂ ಕಂಟ್ರಾಕ್ಟರು ಎರಡನೇ ಸಲವೂ ಬಂದ, ಮೂರನೇ ಸಲವೂ. ಮಧ್ಯಾಹ್ನವಿಡೀ ನಾನು ಆಡಿದ್ದು ಅದೊಂದೇ ಮಾತು. ವರ್ಷವೆಲ್ಲ ನಾನು ಬಿಯರಿನ ಬಗ್ಗೆ ಆಡಿದ ಯಾವ ಮಾತಿಗೂ ಜನ ಅಷ್ಟು ಬೇಗ ಒಪ್ಪಿ ಕುಡಿದಿರಲಿಲ್ಲ.

ಹೊತ್ತು ಇಳಿಯುವಾಗ ನಲ್ಲಿ ಬುಸುಗುಟ್ಟಿ ಬರೀ ನೊರೆ ಉಗುಳಿತು. ದೀಕ್ಷಾ ಟ್ಯಾಂಕಿನ ಹೊಟ್ಟೆಗೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಿದಳು. ಖಾಲಿ ಹಂಡೆಯ ಸದ್ದು ಬಂತು. ಸತೀಶ ಈಜುಕೊಳದ ಮಾತು ಎತ್ತಲಿಲ್ಲ. "ಮುಂದಿನದ್ದು ಕಿತ್ತಳೆಯಾ?" ಅಂತ ಕೇಳಿದ, ಅಷ್ಟೇ. ಕಂಟ್ರಾಕ್ಟರು ಟೇಪು ಬಿಟ್ಟು ಹೋಗಿದ್ದ.

ಸಂಜೆ ಕೊಪ್ಪದಲ್ಲಿ, ಚಪ್ಪಲಿಯ ಪಕ್ಕದಲ್ಲೇ ಕೂತು ಕೇಳಿದೆ. ಮುಗಿದ ಮೇಲೆ ಸುಬ್ಬರಾಯ ಮೇಷ್ಟ್ರು ಬಾಗಿಲಿಗೆ ಬಂದು, "ಇವತ್ತು ತಲೆ ತಾಳಕ್ಕೆ ಸರಿಯಾಗಿತ್ತು," ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಹೋದ ವಾರ ನೀವು ಹಾಕಿಕೊಂಡು ಹೋದ ಚಪ್ಪಲಿ ನಂದು," ಅಂದರು.

ಸೂತಕ ಕಳೆದು ಅಮ್ಮ ಹೇಳಿದ ದಿನ ಹೊಸ್ತು ಆಯಿತು. ಭೂತಪ್ಪನಿಗೆ ಎರಡನೇ ಪಾಲೂ ಸಿಕ್ಕಿತು, ಹಳೆಯ ಕ್ವಾರ್ಟರಿನದ್ದು. ಒಳಗೆ ಎಲೆ ಹಾಕಿ, ಹೊಸ ಅಕ್ಕಿಯ ಪಾಯಸ ಬಡಿಸಿದರು. ದೀಕ್ಷಾ ನನಗೆಂದು ಆ ಟ್ಯಾಂಕಿನ ಒಂದು ಬಾಟಲಿ ಉಳಿಸಿ ತಂದಿದ್ದಳು. ಈ ಸಲ ಮುಚ್ಚಳ ಬಿಗಿಯಾಗಿತ್ತು. ಅಮ್ಮ ಅದನ್ನು ತನ್ನ ಕಂಚಿನ ಲೋಟಕ್ಕೆ ಬಗ್ಗಿಸಿಕೊಂಡು, ಮೊದಲು ತಾನೇ ಒಂದು ಗುಟುಕು ಕುಡಿದು, ಮುಖ ಹುಳ್ಳಗೆ ಮಾಡಿ, ಆಮೇಲೆ ಇನ್ನೊಂದು ಗುಟುಕು ಕುಡಿದು ನನಗೆ ದಾಟಿಸಿದಳು.

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಹೊಸ್ತು ಉಣ್ತೇನೆ ಅಮ್ಮ," ಅಂದೆ.

ಅಮ್ಮ ಅಪ್ಪಣೆ ಕೊಡಲಿಲ್ಲ. "ಎರಡನೇ ಸಲ ಉಣ್ತೇನೆ ಅನ್ನು."

ದೀಕ್ಷಾ ಪಾಯಸದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಚೈತ್ರ ಮುಚ್ಚಿಕೊಳ್ಳಲೂ ಹೋಗಲಿಲ್ಲ.

"ಎರಡನೇ ಸಲ ಹೊಸ್ತು ಉಣ್ತೇನೆ ಅಮ್ಮ."

"ಉಣ್ಣು," ಅಂದಳು ಅಮ್ಮ.

ಕುಡಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ದೀಕ್ಷಾ ಪೆನ್ನಿಗೆ ಜೇಬು ತಡಕುತ್ತಿದ್ದಳು. ನನ್ನ ನಾಲಿಗೆಯ ತುದಿಯಲ್ಲಿ ಒಂದು ಪಲ್ಲಕ್ಕಿ ಹೊರಟು ನಿಂತಿತ್ತು, ಬೋವಿಗಳೂ ಹೆಗಲು ಕೊಟ್ಟಾಗಿತ್ತು. ಒಂದು ತುತ್ತು ಪಾಯಸ ಬಾಯಿಗಿಟ್ಟು, ಪಲ್ಲಕ್ಕಿಯನ್ನು ಹಾಗೆಯೇ ಒಳಗೆ ಇಳಿಸಿದೆ.